ಮುಳುಗಿದ ವಸ್ತುವಿನ ಸುತ್ತ ಹರಿವು: ಎರಡು ಆಯಾಮದ ಮೆಶ್ ಹೆಣೆಯುವ ಸಮಗ್ರ ಮಾರ್ಗದರ್ಶಿ

ಮೆಟ್ರೋ ಕಂಬದ ಸುತ್ತ ಗಾಳಿ, ರಾಜಕಾಲುವೆಯಲ್ಲಿ ಸೇತುವೆಯ ಕಂಬದ ಸುತ್ತ ನೀರು, ಡ್ರೋನ್ ರೆಕ್ಕೆಯ ಸುತ್ತ ಗಾಳಿ. ಬೆಂಗಳೂರಿನಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಹರಿವಿನ ವಿಷಯ ಹುಡುಕುವವರಿಗೆ ಮೊದಲು ಹೊಳೆಯುವುದು ಇಂಥವೇ. ಆಮೇಲಿನ ದಾರಿಯೂ ಹೆಚ್ಚುಕಡಿಮೆ ಒಂದೇ: ಆಕಾರ ಬರೆದು, ಆಟೊಮ್ಯಾಟಿಕ್ ಮೆಶ್ (ಹರಿವಿನ ಜಾಗವನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ವಿಂಗಡಿಸುವ ಬಲೆ) ಒತ್ತಿ, ಸಾಲ್ವರ್ (ಹರಿವಿನ ಸಮೀಕರಣ ಬಿಡಿಸುವ ತಂತ್ರಾಂಶ) ಓಡಿಸುವುದು. ಬಣ್ಣದ ಚಿತ್ರ ಚೆನ್ನಾಗಿಯೇ ಬರುತ್ತದೆ. ಡ್ರ್ಯಾಗ್ ಗುಣಾಂಕ (ಹರಿವು ವಸ್ತುವನ್ನು ತನ್ನ ದಿಕ್ಕಿಗೆ ತಳ್ಳುವ ಬಲದ ಅಳತೆ) ಮಾತ್ರ ಯಾವ ಪ್ರಯೋಗಕ್ಕೂ ಹೊಂದುವುದಿಲ್ಲ. ಆಕಾರವನ್ನು ನೋಡಿ ಮೆಶ್ ಮಾಡಿದ್ದೇ ಇದಕ್ಕೆ ಕಾರಣ. ಮೆಶ್ ಮಾಡಬೇಕಾದ್ದು ಹರಿವನ್ನು ನೋಡಿ. ಎಲ್ಲಿ ವೇಗ ಥಟ್ಟನೆ ಬದಲಾಗುತ್ತದೆ, ಎಲ್ಲಿ ಸುಳಿಗಳು ಸಾಗುತ್ತವೆ, ಎಲ್ಲಿ ಏನೂ ಆಗುವುದಿಲ್ಲ ಎಂದು ಮೊದಲೇ ಅಂದಾಜು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಬಳಸುವ ತಂತ್ರಾಂಶ ಜಿಮೆಶ್. ಇದು ಉಚಿತ, ಮುಕ್ತ ತಂತ್ರಾಂಶ. ಬೆಲ್ಜಿಯಂನ ಕ್ರಿಸ್ಟೋಫ್ ಗೂಜೇನ್ ಮತ್ತು ಜಾನ್ ಫ್ರಾಂಸ್ವಾ ರೆಮಾಕ್ಲ್ ಕಟ್ಟಿದ್ದು. ಸಾಲ್ವರ್‌ಗೆ ಓಪನ್‌ಫೋಮ್. ಎರಡೂ 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆ. ಎರಡು ಆಯಾಮದ ಕೆಲಸಕ್ಕೆ ಎಸ್‌.ಪಿ. ರಸ್ತೆಗೆ ಹೋಗಿ ಹೊಸ ಯಂತ್ರ ಕಟ್ಟಿಸುವ ಅಗತ್ಯವಿಲ್ಲ. ಜಿಮೆಶ್‌ನ ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಮೆನುವಿನಲ್ಲೂ ಕೈಪಿಡಿಯಲ್ಲೂ ಅವೇ ಹೆಸರು ಸಿಗುತ್ತವೆ.

ಉತ್ತರ ಗೊತ್ತಿರುವ ಲೆಕ್ಕದಿಂದ ಆರಂಭಿಸಿ

ಹೊಸಬರು ನೇರವಾಗಿ ತಮ್ಮ ಪ್ರಾಜೆಕ್ಟ್‌ನ ಆಕಾರಕ್ಕೆ ಕೈ ಹಾಕಬಾರದು. ಅಲ್ಲಿ ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ. ಶೇಫರ್ ಮತ್ತು ಟುರೆಕ್ 1996ರಲ್ಲಿ ಪ್ರಕಟಿಸಿದ ಪರೀಕ್ಷಾ ಸಮಸ್ಯೆ ಇದಕ್ಕೆಂದೇ ಇದೆ. 2.2 ಮೀಟರ್ ಉದ್ದ, 0.41 ಮೀಟರ್ ಎತ್ತರದ ಕಾಲುವೆ. ಅದರೊಳಗೆ 0.1 ಮೀಟರ್ ವ್ಯಾಸದ ಸಿಲಿಂಡರ್, ಕೇಂದ್ರ ಎಡತುದಿಯಿಂದ 0.2, ತಳದಿಂದ 0.2 ಮೀಟರ್. ಕಾಲುವೆಯ ನಡುಮಟ್ಟ 0.205, ಅಂದರೆ ಸಿಲಿಂಡರ್ ಕೂದಲೆಳೆಯಷ್ಟು ಕೆಳಗಿದೆ. ಇದು ಬೇಕೆಂದೇ ಮಾಡಿದ್ದು: ಹರಿವು ಸಮಮಿತಿ ಕಳೆದುಕೊಂಡು ಸಣ್ಣದೊಂದು ಲಿಫ್ಟ್ (ಹರಿವಿಗೆ ಅಡ್ಡಲಾದ ಬಲ) ಹುಟ್ಟುತ್ತದೆ, ವೇಗ ಹೆಚ್ಚಿದಾಗ ಸುಳಿಗಳು ತಾವಾಗಿಯೇ ಆರಂಭವಾಗುತ್ತವೆ. ಚಲನಶೀಲ ಸ್ನಿಗ್ಧತೆ (ಕೈನೆಮ್ಯಾಟಿಕ್ ವಿಸ್ಕಾಸಿಟಿ) 0.001. ಒಳಬರುವ ವೇಗ ಪ್ಯಾರಾಬೋಲಾ ಆಕಾರದ್ದು. ಅದರ ಸರಾಸರಿ 0.2 ಆದರೆ ರೆನಾಲ್ಡ್ಸ್ ಸಂಖ್ಯೆ (ವೇಗ × ವ್ಯಾಸ ÷ ಸ್ನಿಗ್ಧತೆ) 20, ಹರಿವು ಸ್ಥಿರ. ಸರಾಸರಿ 1 ಆದರೆ ರೆನಾಲ್ಡ್ಸ್ ಸಂಖ್ಯೆ 100, ಸಿಲಿಂಡರ್‌ನ ಹಿಂದೆ ಸುಳಿಗಳು ಮೇಲೊಮ್ಮೆ ಕೆಳಗೊಮ್ಮೆ ಕಳಚಿಕೊಂಡು ಹೋಗುತ್ತವೆ.

ಕಂಪ್ಯೂಟರ್ ತೆರೆಯುವ ಮೊದಲು ಮಾಡುವ ಲೆಕ್ಕ

ಗೋಡೆಗೆ (ಇಲ್ಲಿ ಸಿಲಿಂಡರ್‌ನ ಮೇಲ್ಮೈಗೆ) ಅಂಟಿದ ಬೌಂಡರಿ ಲೇಯರ್, ಅಂದರೆ ವೇಗ ಕುಗ್ಗಿದ ತೆಳು ಪದರ, ಎಷ್ಟು ದಪ್ಪ? ಲ್ಯಾಮಿನಾರ್ (ಕದಡದ, ಪದರ ಪದರವಾದ) ಹರಿವಿನಲ್ಲಿ ವ್ಯಾಸವನ್ನು ರೆನಾಲ್ಡ್ಸ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ರೆನಾಲ್ಡ್ಸ್ 100ಕ್ಕೆ ವ್ಯಾಸದ ಹತ್ತನೇ ಒಂದು ಭಾಗ, ಅಂದರೆ 0.01 ಮೀಟರ್. ಈ ದಪ್ಪದೊಳಗೆ ಐದಾರು ಸೆಲ್ ಆದರೂ ಇರಬೇಕು. ಹಾಗಾಗಿ ಮೊದಲ ಸೆಲ್‌ನ ಎತ್ತರ 0.001 ಮೀಟರ್ ಎಂದು ಇಟ್ಟುಕೊಳ್ಳೋಣ, ವ್ಯಾಸದ ನೂರನೇ ಒಂದು ಭಾಗ.

ಅದೇ ಎತ್ತರದ ಸೆಲ್‌ಗಳನ್ನು ಕಾಲುವೆಯ ತುಂಬ ಹರಡಿದರೆ ಒಂಬತ್ತು ಲಕ್ಷ ಸೆಲ್ ಆಗುತ್ತದೆ. ಅದಕ್ಕೇ ಗೋಡೆಯಿಂದ ದೂರ ಹೋದಂತೆ ಪ್ರತಿ ಸೆಲ್ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದಾಗುವಂತೆ ಮಾಡುವುದು. ಈ ಬೆಳವಣಿಗೆಯ ಅನುಪಾತ 1.2 ದಾಟದಿದ್ದರೆ ಒಳ್ಳೆಯದು, ನಾವು 1.15 ತೆಗೆದುಕೊಳ್ಳೋಣ. 15 ಪದರ ಇಟ್ಟರೆ ಒಟ್ಟು ದಪ್ಪ ಎಷ್ಟು? ಪಿಯುಸಿಯಲ್ಲಿ ಕಲಿತ ಗುಣೋತ್ತರ ಶ್ರೇಢಿಯ ಮೊತ್ತ ಸಾಕು. 1.15ರ 15ನೇ ಘಾತ ಸುಮಾರು 8.14; ಅದರಿಂದ 1 ಕಳೆದು 0.15ರಿಂದ ಭಾಗಿಸಿದರೆ 47.6, ಅದನ್ನು 0.001ರಿಂದ ಗುಣಿಸಿದರೆ 0.0476 ಮೀಟರ್. ಮೊದಲ 0.01 ಮೀಟರಿನೊಳಗೆ ಆರೇಳು ಪದರ ಬೀಳುತ್ತವೆ, ಬೇಕಾಗಿದ್ದಷ್ಟು. ಕೊನೆಯ ಪದರದ ಎತ್ತರ ಸುಮಾರು 0.0071.

ಇನ್ನು ಸುತ್ತಳತೆಯ ದಿಕ್ಕು. ಸಿಲಿಂಡರ್‌ನ ಪರಿಧಿ 0.314 ಮೀಟರ್. ಅದನ್ನು 80 ಭಾಗ ಮಾಡಿದರೆ ತಲಾ 0.0039. ಪದರಗಳ ಹೊರ ಅಂಚಿನಲ್ಲಿ ತ್ರಿಜ್ಯ 0.0976, ಅಲ್ಲಿ ಪ್ರತಿ ಭಾಗ 0.0077. ಕೊನೆಯ ಪದರದ ಎತ್ತರ 0.0071 ಇತ್ತಲ್ಲ, ಅಂದರೆ ಅಲ್ಲಿ ಸೆಲ್ ಹೆಚ್ಚುಕಡಿಮೆ ಚೌಕ. ಈ ಎರಡು ಸಂಖ್ಯೆ ಹತ್ತಿರ ಬರುವಂತೆ ಪದರ, ಅನುಪಾತ, ಭಾಗಗಳನ್ನು ಹೊಂದಿಸಿಕೊಳ್ಳುವುದೇ ಈ ಹಂತದ ಸಾರ. ಹೊರಗಿನ ಮೆಶ್ ಇದೇ ಅಳತೆಯಿಂದ ಮುಂದುವರಿದರೆ ಎಲ್ಲೂ ಜಿಗಿತ ಇರುವುದಿಲ್ಲ.

80 ಭಾಗ ಯಾಕೆ, 20 ಸಾಲದೇ ಎಂದು ಕೇಳಬಹುದು. ಮೆಶ್‌ಗೆ ವೃತ್ತ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಹುಭುಜ. 20 ಬಾಹುಗಳ ಬಹುಭುಜದ ವಿಸ್ತೀರ್ಣ ವೃತ್ತಕ್ಕಿಂತ ಶೇ. 1.6ರಷ್ಟು ಕಡಿಮೆ, 80 ಬಾಹುಗಳಾದರೆ ಶೇ. 0.1ರಷ್ಟು ಮಾತ್ರ. ಡ್ರ್ಯಾಗ್ ಅನ್ನು ಶೇ. 1ರೊಳಗೆ ಹಿಡಿಯಬೇಕೆನ್ನುವವರು ಆಕಾರದಲ್ಲೇ ಅಷ್ಟು ಕಳೆದುಕೊಳ್ಳುವಂತಿಲ್ಲ.

ಹೊರಗಡಿ ಎಲ್ಲಿರಬೇಕು

ನಮ್ಮ ಪರೀಕ್ಷಾ ಸಮಸ್ಯೆಯಲ್ಲಿ ಕಾಲುವೆಯ ಅಳತೆ ಕೊಟ್ಟೇ ಇದೆ. ಆದರೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ವಸ್ತು ಬಯಲಲ್ಲಿರುತ್ತದೆ, ಗಡಿಯನ್ನು ನೀವೇ ನಿರ್ಧರಿಸಬೇಕು. ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಮುರುಗೇಶಪಾಳ್ಯದ ಕಡೆ ವಿಂಡ್ ಟನಲ್ ರಸ್ತೆ ಎಂದೇ ಹೆಸರಾದ ರಸ್ತೆಯಿದೆ. ಅಲ್ಲೇ ಎನ್‌ಎಎಲ್‌ನ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) 1.2 ಮೀಟರ್ ಟ್ರೈಸಾನಿಕ್ (ಶಬ್ದದ ವೇಗಕ್ಕಿಂತ ಕಡಿಮೆ, ಅದರ ಆಸುಪಾಸು, ಅದಕ್ಕಿಂತ ಹೆಚ್ಚು ಎಂಬ ಮೂರೂ ವೇಗಗಳ) ಗಾಳಿ ಸುರಂಗ 1967ರಿಂದ ಇದೆ. ಇಂಥ ಸುರಂಗದಲ್ಲಿ ಮಾದರಿಯನ್ನು ಎಷ್ಟು ದೊಡ್ಡದು ಮಾಡಬಹುದು ಎಂಬುದನ್ನು ಅಳೆದು ನಿರ್ಧರಿಸುತ್ತಾರೆ. ಮಾದರಿ ದೊಡ್ಡದಾದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಇಕ್ಕಟ್ಟಾಗಿ ವೇಗ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ಇದಕ್ಕೆ ಬ್ಲಾಕೇಜ್ ಎನ್ನುತ್ತಾರೆ. ಕಂಪ್ಯೂಟರಿನ ಆಯತವೂ ಒಂದು ಸುರಂಗವೇ. ಎರಡು ಆಯಾಮದಲ್ಲಂತೂ ಇನ್ನೂ ಕಷ್ಟ, ಗಾಳಿಗೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಮೂರನೇ ದಿಕ್ಕು ಇಲ್ಲ.

ಬ್ಲಾಕೇಜ್ ಎಂದರೆ ವಸ್ತುವಿನ ಅಗಲವನ್ನು ಆಯತದ ಎತ್ತರದಿಂದ ಭಾಗಿಸಿದ್ದು. ನಮ್ಮ ಪರೀಕ್ಷಾ ಸಮಸ್ಯೆಯಲ್ಲಿ ಅದು ಶೇ. 24. ಪರಿಣಾಮ ನೋಡಿ: ಬಯಲಲ್ಲಿರುವ ಸಿಲಿಂಡರ್‌ಗೆ ರೆನಾಲ್ಡ್ಸ್ 100ರಲ್ಲಿ ಸ್ಟ್ರೌಹಲ್ ಸಂಖ್ಯೆ (ಸುಳಿಗಳ ಆವರ್ತನ × ವ್ಯಾಸ ÷ ವೇಗ) ಸುಮಾರು 0.165, ಸರಾಸರಿ ಡ್ರ್ಯಾಗ್ ಗುಣಾಂಕ ಸುಮಾರು 1.33. ಈ ಕಾಲುವೆಯಲ್ಲಿ ಅದೇ ರೆನಾಲ್ಡ್ಸ್‌ಗೆ ಸ್ಟ್ರೌಹಲ್ 0.3, ಡ್ರ್ಯಾಗ್ 3.2. ಗೋಡೆಯ ಇಕ್ಕಟ್ಟು ಒಂದು ಕಾರಣ. ಪ್ಯಾರಾಬೋಲಾ ವೇಗದ ಸರಾಸರಿಯನ್ನು ಲೆಕ್ಕಕ್ಕೆ ಹಿಡಿದಿದ್ದು ಇನ್ನೊಂದು, ಏಕೆಂದರೆ ನಡುವಿನಲ್ಲಿರುವ ಸಿಲಿಂಡರ್‌ಗೆ ಎದುರಾಗುವ ವೇಗ ಸರಾಸರಿಯ ಒಂದೂವರೆ ಪಟ್ಟು. ಕಾಲುವೆಯ ಉತ್ತರವನ್ನು ಬಯಲಿನ ಪ್ರಯೋಗಕ್ಕೆ ಹೋಲಿಸಿ ತಲೆಕೆಡಿಸಿಕೊಳ್ಳಬೇಡಿ.

ಬಯಲಿನ ಹರಿವಿಗೆ ನಾನು ಹೇಳುವ ಅಳತೆ: ವಸ್ತುವಿನ ಮುಂದೆ 10ರಿಂದ 15 ವ್ಯಾಸ, ಹಿಂದೆ 25ರಿಂದ 30, ಮೇಲೆ ಮತ್ತು ಕೆಳಗೆ ತಲಾ 10 ಕನಿಷ್ಠ, 20 ಆದರೆ ಉತ್ತಮ. ಮೇಲೆ ಕೆಳಗೆ ತಲಾ 10 ಇಟ್ಟರೆ ಬ್ಲಾಕೇಜ್ ಶೇ. 5. ದೂರದ ಸೆಲ್‌ಗಳು ದೊಡ್ಡವಾಗಿರುವುದರಿಂದ ಆಯತ ಹಿಗ್ಗಿಸಿದರೂ ಖರ್ಚು ಹೆಚ್ಚೇನೂ ಆಗುವುದಿಲ್ಲ. ಇಲ್ಲಿ ಜಿಪುಣತನ ಮಾಡಲು ಕಾರಣವೇ ಇಲ್ಲ.

ಜಿಮೆಶ್‌ನಲ್ಲಿ ಉಂಗುರ

ಹೊಸ ಜಿಯೋ ಕಡತ ತೆರೆದು ಬಿಂದುಗಳನ್ನು ಕೊಡಿ. ಆಯತದ ಮೂಲೆಗಳು ನಾಲ್ಕು: (0, 0), (2.2, 0), (2.2, 0.41), (0, 0.41). ಸಿಲಿಂಡರ್‌ನ ಕೇಂದ್ರ (0.2, 0.2). ಅದರ ಮೇಲ್ಮೈಯಲ್ಲಿ ನಾಲ್ಕು ಬಿಂದು: (0.25, 0.2), (0.2, 0.25), (0.15, 0.2), (0.2, 0.15). ಪದರಗಳ ಹೊರ ಅಂಚಿಗೆ ಮತ್ತೆ ನಾಲ್ಕು: (0.2976, 0.2), (0.2, 0.2976), (0.1024, 0.2), (0.2, 0.1024).

ಸರ್ಕಲ್ ಎಂಬ ಆಜ್ಞೆ ಕಂಸ ಬರೆಯುತ್ತದೆ: ಆರಂಭದ ಬಿಂದು, ಕೇಂದ್ರ, ಕೊನೆಯ ಬಿಂದು. ಜಿಮೆಶ್‌ನ ಒಳಗಿನ ಜ್ಯಾಮಿತಿಯಲ್ಲಿ ಒಂದು ಕಂಸ ಅರ್ಧವೃತ್ತಕ್ಕಿಂತ ಚಿಕ್ಕದಿರಬೇಕು, ಅದಕ್ಕೇ ನಾಲ್ಕು ಕಾಲು ವೃತ್ತಗಳು. ಒಳಗೆ ನಾಲ್ಕು, ಹೊರಗೆ ನಾಲ್ಕು. ನಂತರ ಒಳಗಿನ ಪ್ರತಿ ಬಿಂದುವಿನಿಂದ ಹೊರಗಿನ ಬಿಂದುವಿಗೆ ನಾಲ್ಕು ನೇರ ಗೆರೆ. ನಾಲ್ಕನ್ನೂ ಒಳಗಿನಿಂದ ಹೊರಕ್ಕೇ ಬರೆಯಿರಿ. ಒಂದನ್ನು ತಿರುಗಿಸಿ ಬರೆದರೆ ಬೆಳವಣಿಗೆಯೂ ತಿರುಗುತ್ತದೆ, ಸಣ್ಣ ಸೆಲ್‌ಗಳು ಗೋಡೆಯ ಬಳಿ ಇರುವ ಬದಲು ಹೊರಗೆ ಹೋಗಿ ಕೂರುತ್ತವೆ.

ಈಗ ಟ್ರಾನ್ಸ್‌ಫೈನೈಟ್ ಕರ್ವ್. ಇಲ್ಲಿ ಕೊಡುವ ಸಂಖ್ಯೆ ಸೆಲ್‌ಗಳದ್ದಲ್ಲ, ನೋಡ್‌ಗಳದ್ದು (ಸೆಲ್‌ಗಳ ಮೂಲೆಯ ಬಿಂದುಗಳು). ಎಂಟು ಕಂಸಗಳಿಗೂ 21 (ತಲಾ 20 ಸೆಲ್, ಸುತ್ತು ಸೇರಿ 80). ನೇರ ಗೆರೆಗಳಿಗೆ 16, ಜೊತೆಗೆ ಪ್ರೊಗ್ರೆಶನ್ 1.15. ಕರ್ವ್ ಲೂಪ್, ಪ್ಲೇನ್ ಸರ್ಫೇಸ್ ಬಳಸಿ ನಾಲ್ಕು ತುಂಡು ಮಾಡಿ, ಪ್ರತಿಯೊಂದಕ್ಕೂ ಟ್ರಾನ್ಸ್‌ಫೈನೈಟ್ ಸರ್ಫೇಸ್ ಮತ್ತು ರೀಕಂಬೈನ್ ಸರ್ಫೇಸ್ ಹಚ್ಚಿ. ಎರಡು ಆಯಾಮದ ಮೆಶ್ ಒತ್ತಿದರೆ ಸಿಲಿಂಡರ್‌ನ ಸುತ್ತ 1,200 ನಾಲ್ಕುಬದಿಯ ಸೆಲ್‌ಗಳ ಅಚ್ಚುಕಟ್ಟಾದ ಉಂಗುರ ಬರುತ್ತದೆ.

ಗೋಡೆಯ ಬಳಿ ತ್ರಿಕೋನ ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ಗೋಡೆಯ ಉದ್ದಕ್ಕೆ ವೇಗ ನಿಧಾನವಾಗಿ ಬದಲಾಗುತ್ತದೆ, ಗೋಡೆಗೆ ಲಂಬವಾಗಿ ತೀವ್ರವಾಗಿ. ಉದ್ದಕ್ಕೆ ಮಲಗಿದ ಆಯತಾಕಾರದ ಸೆಲ್ ಇದಕ್ಕೆ ಸರಿಯಾಗಿ ಒಗ್ಗುತ್ತದೆ. ನಮ್ಮ ಮೊದಲ ಪದರದಲ್ಲಿ ಉದ್ದ 0.0039, ಎತ್ತರ 0.001, ನಾಲ್ಕಕ್ಕೆ ಒಂದು. ತ್ರಿಕೋನವನ್ನು ಹಾಗೆ ಹಿಗ್ಗಿಸಿದರೆ ಮೂಲೆಗಳು ಚೂಪಾಗಿ, ಗೋಡೆಯ ಮೇಲಿನ ಘರ್ಷಣೆಯ ಲೆಕ್ಕ ಕೆಡುತ್ತದೆ.

ಉಂಗುರದಾಚೆ, ವೇಕ್‌ನ (ವಸ್ತುವಿನ ಹಿಂದಿನ ಕಲಕಿದ ಹರಿವಿನ) ಕಡೆ

ಹೊರಗಿನ ಸರ್ಫೇಸ್‌ಗೆ ಎರಡು ಲೂಪ್: ಆಯತ ಹೊರಗಡಿ, ಉಂಗುರದ ಹೊರ ಅಂಚು ರಂಧ್ರ. ಇಲ್ಲಿ ಅಳತೆಯನ್ನು ಫೀಲ್ಡ್‌ನಿಂದ (ಎಲ್ಲಿ ಎಷ್ಟು ದೊಡ್ಡ ಸೆಲ್ ಎಂದು ಹೇಳುವ ನಿಯಮ) ನಿಯಂತ್ರಿಸಬೇಕು. ಸರಳವಾದದ್ದು ಬಾಕ್ಸ್ ಫೀಲ್ಡ್: ಅಡ್ಡಕ್ಕೆ 0.1ರಿಂದ 1.2, ಎತ್ತರಕ್ಕೆ 0.09ರಿಂದ 0.31. ಒಳಗಿನ ಅಳತೆ 0.008, ಹೊರಗಿನದು 0.015, ಅಂಚಿನ ಥಿಕ್ನೆಸ್ 0.1. ಉಂಗುರದ ಕೊನೆಯ ಸೆಲ್ 0.0077 ಇತ್ತು, ಹೊರಗೆ 0.008ರಿಂದ ಆರಂಭ, ಹೊಲಿಗೆ ಕಾಣುವುದಿಲ್ಲ. ಈ ಫೀಲ್ಡನ್ನೇ ಬ್ಯಾಕ್‌ಗ್ರೌಂಡ್ ಫೀಲ್ಡ್ ಎಂದು ಘೋಷಿಸಿ.

ಅಷ್ಟಕ್ಕೇ ನಿಲ್ಲಿಸಿದರೆ ಜಿಮೆಶ್ ನಿಮ್ಮ ಮಾತನ್ನು ಪೂರ್ತಿ ಕೇಳುವುದಿಲ್ಲ. ಬಿಂದುಗಳ ಅಳತೆ, ಗಡಿಯಿಂದ ಒಳಕ್ಕೆ ಹರಡುವ ಅಳತೆ, ಬಾಗಿನಿಂದ ಬರುವ ಅಳತೆ ಎಂಬ ಮೂರು ಸೆಟ್ಟಿಂಗ್‌ಗಳು ಬೇರೆಯಿವೆ, ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದ್ದು ಗೆಲ್ಲುತ್ತದೆ. ಫೀಲ್ಡ್ ಒಂದೇ ನಡೆಸಬೇಕೆಂದರೆ ಮೆಶ್ ಸೈಜ್ ಫ್ರಮ್ ಪಾಯಿಂಟ್ಸ್, ಎಕ್ಸ್‌ಟೆಂಡ್ ಫ್ರಮ್ ಬೌಂಡರಿ, ಫ್ರಮ್ ಕರ್ವೇಚರ್ ಮೂರನ್ನೂ 0 ಮಾಡಿ. ಫೀಲ್ಡ್ ಹಾಕಿದರೂ ಮೆಶ್ ಬದಲಾಗಲಿಲ್ಲ ಎನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಪರಿಹಾರ.

ವೇಕ್‌ನ ಪೆಟ್ಟಿಗೆಯನ್ನು ಗಿಡ್ಡ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ದೊಡ್ಡ ಸೆಲ್‌ಗಳೊಳಗೆ ಹೊಕ್ಕ ಸುಳಿ ಕರಗಿಹೋಗುತ್ತದೆ. ಸಿಲಿಂಡರ್‌ಗೆ ತೀರ ಹತ್ತಿರದಲ್ಲೇ ಕರಗಿದರೆ ಹಿಂಬದಿಯ ಒತ್ತಡ ಬದಲಾಗುತ್ತದೆ, ಡ್ರ್ಯಾಗ್ ಮತ್ತು ಲಿಫ್ಟ್ ಎರಡೂ ಕೆಡುತ್ತವೆ. ಸಣ್ಣ ಸೆಲ್‌ನಿಂದ ದೊಡ್ಡದಕ್ಕೆ ದಾಟುವುದೂ ನಿಧಾನವಾಗಿರಲಿ, ಥಿಕ್ನೆಸ್ ಕೊಟ್ಟಿದ್ದು ಅದಕ್ಕೆ.

ಇಲ್ಲೂ ನಾಲ್ಕುಬದಿಯ ಸೆಲ್ ಬೇಕೆಂದರೆ ಮೆಶ್ ಆಲ್ಗರಿದಮ್ 8 ಆರಿಸಿ ರೀಕಂಬೈನ್ ಮಾಡಿ. ಒಟ್ಟು ಏಳೆಂಟು ಸಾವಿರ ಸೆಲ್ ಆಗುತ್ತದೆ. ತ್ರಿಕೋನ ಸಾಕೆಂದರೆ ಆಲ್ಗರಿದಮ್ 6, ಸೆಲ್‌ಗಳು ಹೆಚ್ಚು. ಉಂಗುರದಾಚೆ ತ್ರಿಕೋನ ಇದ್ದರೂ ದೊಡ್ಡ ನಷ್ಟವಿಲ್ಲ.

ಗಡಿಗಳಿಗೆ ಹೆಸರು, ಓಪನ್‌ಫೋಮ್‌ಗೆ ದಾರಿ

ಫಿಸಿಕಲ್ ಗ್ರೂಪ್ ಎಂದರೆ ಗಡಿಗಳಿಗೆ ಇಡುವ ಹೆಸರು: ಒಳಹರಿವು, ಹೊರಹರಿವು, ಗೋಡೆ, ಸಿಲಿಂಡರ್. ಒಂದೇ ಒಂದು ಫಿಸಿಕಲ್ ಗ್ರೂಪ್ ಮಾಡಿದರೂ ಜಿಮೆಶ್ ಹೆಸರಿಲ್ಲದ ಭಾಗಗಳನ್ನು ಕಡತಕ್ಕೆ ಬರೆಯುವುದನ್ನು ನಿಲ್ಲಿಸುತ್ತದೆ. ಗಡಿಗಳಿಗೆ ಮಾತ್ರ ಹೆಸರಿಟ್ಟು ಒಳಭಾಗವನ್ನು ಮರೆತರೆ ಕಡತದಲ್ಲಿ ಗೆರೆಗಳಷ್ಟೇ ಇರುತ್ತವೆ. ಫ್ರೀಫೆಮ್, ಫೆನಿಕ್ಸ್‌ನಂಥ ಫೈನೈಟ್ ಎಲಿಮೆಂಟ್ ತಂತ್ರಾಂಶ ಬಳಸುವವರಿಗೆ ಮೆಶ್ ಇಲ್ಲಿಗೆ ಸಿದ್ಧ.

ಓಪನ್‌ಫೋಮ್‌ಗೆ ಎರಡು ಆಯಾಮ ಎಂಬುದಿಲ್ಲ. ಎಲ್ಲ ಸರ್ಫೇಸ್‌ಗಳನ್ನೂ ಎಕ್ಸ್‌ಟ್ರೂಡ್ ಆಜ್ಞೆಯಿಂದ 0.01 ಮೀಟರ್ ಎತ್ತಿ, ಲೇಯರ್ಸ್ 1, ರೀಕಂಬೈನ್ ಕೊಡಿ. ಈಗ ಗಡಿಗಳು ಮೇಲ್ಮೈಗಳಾದವು. ಹೆಸರುಗಳನ್ನು ಫಿಸಿಕಲ್ ಸರ್ಫೇಸ್ ಆಗಿ, ಒಳಭಾಗವನ್ನು ಫಿಸಿಕಲ್ ವಾಲ್ಯೂಮ್ ಆಗಿ ಕೊಡಿ. ಮುಂದಿನ ಮತ್ತು ಹಿಂದಿನ ಮುಖಗಳಿಗೆ ಒಂದು ಹೆಸರು. ಕಡತವನ್ನು 2.2ನೇ ಆವೃತ್ತಿಯ ರೂಪದಲ್ಲಿ ಉಳಿಸಿ ಜಿಮೆಶ್‌ಟುಫೋಮ್ ಓಡಿಸಿ. ಆಮೇಲೆ ಪಾಲಿಮೆಶ್ ಫೋಲ್ಡರಿನ ಬೌಂಡರಿ ಕಡತ ತೆರೆದು ಮುಂದು-ಹಿಂದಿನ ಮುಖಗಳ ಬಗೆಯನ್ನು ಎಂಪ್ಟಿ ಎಂದೂ, ಗೋಡೆ ಮತ್ತು ಸಿಲಿಂಡರ್‌ನದನ್ನು ವಾಲ್ ಎಂದೂ ಬದಲಿಸಿ.

ಬಲದ ಗುಣಾಂಕ ಲೆಕ್ಕ ಹಾಕುವಾಗ ಕೊಡುವ ವಿಸ್ತೀರ್ಣ ವ್ಯಾಸ ಗುಣಿಸು ಈ ದಪ್ಪ: 0.1 × 0.01 = 0.001. ಡ್ರ್ಯಾಗ್ ಉತ್ತರ ನೂರು ಪಟ್ಟು ತಪ್ಪಿದೆ ಎನಿಸಿದರೆ ಮೆಶ್ ಮೇಲೆ ಅನುಮಾನ ಪಡುವ ಮೊದಲು ಈ ಸಂಖ್ಯೆ ನೋಡಿ.

ತಪಾಸಣೆ

ಜಿಮೆಶ್‌ನ ಸ್ಟ್ಯಾಟಿಸ್ಟಿಕ್ಸ್ ಕಿಟಕಿಯಲ್ಲಿ ಸೆಲ್‌ಗಳ ಗುಣಮಟ್ಟದ ಹಂಚಿಕೆ ಸಿಗುತ್ತದೆ. ಋಣ ಸಂಖ್ಯೆ ಕಂಡರೆ ಆ ಸೆಲ್ ಮಗುಚಿಕೊಂಡಿದೆ ಎಂದರ್ಥ, ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಓಪನ್‌ಫೋಮ್‌ನ ಚೆಕ್‌ಮೆಶ್ ನಾನ್-ಆರ್ಥೊಗೊನಾಲಿಟಿ (ಪಕ್ಕದ ಸೆಲ್‌ಗಳ ಕೇಂದ್ರ ಸೇರಿಸುವ ಗೆರೆ ನಡುವಿನ ಮುಖದ ಲಂಬದಿಂದ ವಾಲಿದ ಕೋನ) 70 ಡಿಗ್ರಿ ದಾಟಿದರೆ, ಸ್ಕ್ಯೂನೆಸ್ (ಆ ಗೆರೆ ಮುಖದ ಕೇಂದ್ರದಿಂದ ಸರಿದಿರುವ ಪ್ರಮಾಣ) 4 ದಾಟಿದರೆ ಎಚ್ಚರಿಸುತ್ತದೆ. ಆದರೆ ಅದು ದಾಟಬಾರದ ಗೆರೆ ಅಷ್ಟೆ, ನಮ್ಮ ಗುರಿಯಲ್ಲ. ಇಷ್ಟು ಸರಳ ಆಕಾರಕ್ಕೆ 40 ಡಿಗ್ರಿ ದಾಟಿದರೇ ಎಲ್ಲೋ ಹೊಂದಾಣಿಕೆ ತಪ್ಪಿದೆ ಎಂದು ನಾನು ಹುಡುಕಲು ಶುರು ಮಾಡುತ್ತೇನೆ. ಸಂಖ್ಯೆಗಳ ಜೊತೆಗೆ ಪ್ಯಾರಾವ್ಯೂನಲ್ಲಿ (ಮೆಶ್ ಮತ್ತು ಫಲಿತಾಂಶ ನೋಡುವ ತಂತ್ರಾಂಶ) ತೆರೆದು ಉಂಗುರದ ಹೊರ ಅಂಚನ್ನು ದೊಡ್ಡದು ಮಾಡಿ ಕಣ್ಣಿಂದಲೂ ನೋಡಿ.

ಓಡಿಸಿ, ಹೋಲಿಸಿ

ಮೊದಲು ರೆನಾಲ್ಡ್ಸ್ 20. ಪ್ರಕಟಿತ ವ್ಯಾಪ್ತಿ ಹೀಗಿದೆ: ಡ್ರ್ಯಾಗ್ 5.57ರಿಂದ 5.59, ಲಿಫ್ಟ್ 0.0104ರಿಂದ 0.0110, ಸಿಲಿಂಡರ್‌ನ ಮುಂದಿನ ಮತ್ತು ಹಿಂದಿನ ಬಿಂದುಗಳ ಒತ್ತಡ ವ್ಯತ್ಯಾಸ 0.1172ರಿಂದ 0.1176. ಡ್ರ್ಯಾಗ್ ಬೇಗ ಹತ್ತಿರ ಬರುತ್ತದೆ. ಲಿಫ್ಟ್ ಅಷ್ಟು ಬೇಗ ಬರುವುದಿಲ್ಲ. ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧದ ದೊಡ್ಡ ಬಲಗಳು ಒಂದನ್ನೊಂದು ಕಳೆದು ಉಳಿದ ಚಿಟಿಕೆಯಷ್ಟು ಸಂಖ್ಯೆ ಅದು. ಮೆಶ್‌ನಲ್ಲಿರುವ ಅಸಮತೆಯೂ ಅಷ್ಟೇ ಲಿಫ್ಟ್ ಹುಟ್ಟಿಸಬಲ್ಲದು. ಆದ್ದರಿಂದ ಮೆಶ್‌ನ ನಿಜವಾದ ಪರೀಕ್ಷೆ ಲಿಫ್ಟ್. ನಮ್ಮ ಉಂಗುರ ನಾಲ್ಕು ಕಾಲುಗಳಲ್ಲೂ ಒಂದೇ ತೆರನಾಗಿರುವುದರ ಪ್ರಯೋಜನ ಇಲ್ಲಿ ಸಿಗುತ್ತದೆ.

ನಂತರ ರೆನಾಲ್ಡ್ಸ್ 100. ಸಿಲಿಂಡರ್‌ನ ಬದಿಯಲ್ಲಿ ವೇಗ ಸೆಕೆಂಡಿಗೆ 2 ಮೀಟರ್ ಆಸುಪಾಸು ಎಂದುಕೊಂಡರೆ, 0.0039 ಉದ್ದದ ಸೆಲ್‌ಗೆ 0.001 ಸೆಕೆಂಡಿನ ಟೈಮ್ ಸ್ಟೆಪ್ ಕೂರಂಟ್ ಸಂಖ್ಯೆಯನ್ನು (ಒಂದು ಸ್ಟೆಪ್‌ನಲ್ಲಿ ಹರಿವು ಎಷ್ಟು ಸೆಲ್ ದಾಟುತ್ತದೆ ಎಂಬ ಲೆಕ್ಕ) 0.5ರ ಬಳಿ ಇಡುತ್ತದೆ. ಸುಳಿಗಳ ಆವರ್ತನ ಸೆಕೆಂಡಿಗೆ 3, ಒಂದು ಆವರ್ತಕ್ಕೆ ಮುನ್ನೂರಕ್ಕೂ ಹೆಚ್ಚು ಸ್ಟೆಪ್, ಸಾಕಷ್ಟಾಯಿತು. ಆರಂಭದ ಅಲುಗಾಟ ಕಳೆದು ಲಿಫ್ಟ್‌ನ ಅಲೆ ಒಂದೇ ಎತ್ತರಕ್ಕೆ ನಿಂತ ಮೇಲಷ್ಟೇ ಅಳೆಯಿರಿ: ಗರಿಷ್ಠ ಡ್ರ್ಯಾಗ್ 3.22ರಿಂದ 3.24, ಗರಿಷ್ಠ ಲಿಫ್ಟ್ 0.99ರಿಂದ 1.01, ಸ್ಟ್ರೌಹಲ್ 0.295ರಿಂದ 0.305.

ಮೊದಲ ಮೆಶ್‌ನಲ್ಲೇ ಈ ವ್ಯಾಪ್ತಿಯೊಳಗೆ ಬೀಳದಿದ್ದರೆ ಗಾಬರಿ ಬೇಡ. ಎರಡನೇ ಮೆಶ್ ಮಾಡಿ: ಸುತ್ತ 160 ಭಾಗ, ಪದರ 30, ಹೊರಗಿನ ಅಳತೆಗಳೆಲ್ಲ ಅರ್ಧ. ಬೆಳವಣಿಗೆಯ ಅನುಪಾತವನ್ನು ಮಾತ್ರ ಅರ್ಧ ಮಾಡುವಂತಿಲ್ಲ, ಅದರ ವರ್ಗಮೂಲ ತೆಗೆದುಕೊಳ್ಳಬೇಕು: 1.15ರ ವರ್ಗಮೂಲ 1.0724. ಆಗ ಉಂಗುರದ ಒಟ್ಟು ದಪ್ಪ ಹಾಗೇ ಉಳಿದು ಮೊದಲ ಸೆಲ್ 0.0005ರ ಸಮೀಪಕ್ಕೆ ಇಳಿಯುತ್ತದೆ. ಮೂರನೇ ಮೆಶ್‌ಗೂ ಇದೇ ಕ್ರಮ. ಪ್ರತಿ ಸಲ ಸೆಲ್ ನಾಲ್ಕು ಪಟ್ಟು, ಟೈಮ್ ಸ್ಟೆಪ್ ಅರ್ಧ, ಒಟ್ಟು ಕೆಲಸ ಎಂಟು ಪಟ್ಟು. ಮೂರು ಉತ್ತರಗಳ ನಡುವಿನ ಎರಡು ವ್ಯತ್ಯಾಸಗಳಲ್ಲಿ ಎರಡನೆಯದು ಮೊದಲನೆಯದರ ಕಾಲು ಭಾಗದಷ್ಟಿದ್ದರೆ ನಿಮ್ಮ ವಿಧಾನ ಎರಡನೇ ದರ್ಜೆಯ ನಿಖರತೆಯಲ್ಲಿ ನಡೆಯುತ್ತಿದೆ. ಪ್ಯಾಟ್ರಿಕ್ ರೋಚ್ 1994ರಲ್ಲಿ ಸೂಚಿಸಿದ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಇದರ ಮೇಲೇ ನಿಂತಿದೆ. ವರದಿಯಲ್ಲಿ ಬಣ್ಣದ ಚಿತ್ರಕ್ಕಿಂತ ಮೊದಲು ಈ ಮೂರು ಸಾಲಿನ ಪಟ್ಟಿ ಇರಲಿ.

ಬೇರೆ ಆಕಾರ, ಬೇರೆ ದಾರಿ

ಚೌಕ ಕಂಬಕ್ಕೆ ಮೂಲೆಗಳ ಬಳಿ ಎರಡೂ ದಿಕ್ಕಿನಿಂದ ಸೆಲ್ ಸಣ್ಣದಾಗಬೇಕು, ಹರಿವು ಬೇರ್ಪಡುವುದು ಅಲ್ಲೇ. ಎರಡು ಕಂಬಗಳು ಹತ್ತಿರವಿದ್ದರೆ ಉಂಗುರಗಳು ಒಂದಕ್ಕೊಂದು ತಾಗದಂತೆ ಪದರ ಕಡಿಮೆ ಮಾಡಿ, ನಡುವಿನ ಸಂದಿಯಲ್ಲಿ ಹತ್ತಕ್ಕೂ ಹೆಚ್ಚು ಸೆಲ್ ಉಳಿಯಲಿ. ರೆಕ್ಕೆಯ ಅಡ್ಡಕೊಯ್ತಕ್ಕೆ ಹಿಂದಿನ ಚೂಪು ತುದಿಯೇ ಸಮಸ್ಯೆ. ನಾಕಾ 0012 ಎಂಬ ಪ್ರಸಿದ್ಧ ಅಡ್ಡಕೊಯ್ತದ ಮೂಲ ಸೂತ್ರದಲ್ಲಿ ಆ ತುದಿ ಪೂರ್ತಿ ಮುಚ್ಚುವುದಿಲ್ಲ, ಅಡ್ಡಕೊಯ್ತದ ಉದ್ದದ ಶೇ. 0.25ರಷ್ಟು ತೆರೆದಿರುತ್ತದೆ, ಕೊನೆಯ ಗುಣಾಂಕ 0.1015ನ್ನು 0.1036 ಮಾಡಿದರೆ ಮುಚ್ಚುತ್ತದೆ. ಮೇಲ್ಮೈ ಕೆಳಮೈಗಳಿಗೆ ಬೇರೆ ಬೇರೆ ಸ್ಪ್ಲೈನ್ (ಬಿಂದುಗಳ ಮೂಲಕ ಹಾಯುವ ನಯವಾದ ವಕ್ರರೇಖೆ) ಹಾಕಿ. ಇಡೀ ರೆಕ್ಕೆಗೆ ಒಂದೇ ಸ್ಪ್ಲೈನ್ ಸುತ್ತಿದರೆ ಚೂಪು ತುದಿ ದುಂಡಗಾಗುತ್ತದೆ.

ವಸ್ತು ಚಲಿಸುತ್ತಿದ್ದರೆ ಅದಕ್ಕೆ ಹೊಂದುವ ಮೆಶ್‌ನ್ನು ಪ್ರತಿ ಕ್ಷಣ ಮತ್ತೆ ಹೆಣೆಯುವುದು ಕಷ್ಟ. ಹೃದಯದ ಕವಾಟಗಳ ಸುತ್ತ ರಕ್ತದ ಹರಿವನ್ನು ಲೆಕ್ಕ ಹಾಕಲು ಚಾರ್ಲ್ಸ್ ಪೆಸ್ಕಿನ್ 1972ರಲ್ಲಿ ತಂದ ಇಮ್ಮರ್ಸ್ಡ್ ಬೌಂಡರಿ ವಿಧಾನದಲ್ಲಿ ಮೆಶ್ ಸುಮ್ಮನೆ ಚೌಕಗಳದ್ದು, ವಸ್ತುವಿನ ಗಡಿ ಅದರ ಮೇಲೆ ಬಿಂದುಗಳ ಸಾಲಾಗಿ ಕೂರುತ್ತದೆ. ಗಡಿಯ ಬಲ ಸುತ್ತಲಿನ ಕೆಲವು ಸೆಲ್‌ಗಳಿಗೆ ಹರಡುವುದರಿಂದ ವಸ್ತು ಓಡಾಡುವ ಜಾಗದ ತುಂಬ ಸಮಾನ ಚೌಕಗಳೇ ಇರಬೇಕು, ಹಿಗ್ಗಿಸುವುದೇನಿದ್ದರೂ ಅದರಾಚೆ. ಗೋಡೆಗೆ ಲಂಬವಾಗಿ ಮಾತ್ರ ಸಣ್ಣ ಮಾಡುವ ಸೌಲಭ್ಯ ಇಲ್ಲಿಲ್ಲ. ನಿಂತ ಸಿಲಿಂಡರ್‌ಗೆ ಉಂಗುರವೇ ಅಗ್ಗ.

ಮೆಟ್ರೋ ಕಂಬಕ್ಕೆ ಇದೇ ಮೆಶ್ ಸಾಕೇ?

ಸಾಲದು. ಒಂದು ಮೀಟರ್ ಅಗಲದ ಕಂಬ, ಸೆಕೆಂಡಿಗೆ 5 ಮೀಟರ್ ಗಾಳಿ ಎಂದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸ್ವಲ್ಪ ತೆಳು, ಚಲನಶೀಲ ಸ್ನಿಗ್ಧತೆ 0.000017ರ ಹತ್ತಿರ. ರೆನಾಲ್ಡ್ಸ್ ಸಂಖ್ಯೆ ಮೂರು ಲಕ್ಷದ ಆಸುಪಾಸು. ವೈ ಪ್ಲಸ್ (ಗೋಡೆಯಿಂದ ಮೊದಲ ಸೆಲ್‌ನ ದೂರವನ್ನು ಹೇಳುವ, ಮಾನವಿಲ್ಲದ ಸಂಖ್ಯೆ) 1 ಆಗಬೇಕಾದರೆ ಮೊದಲ ಸೆಲ್ 0.07 ಮಿಲಿಮೀಟರ್‌ಗೆ ಇಳಿಯಬೇಕು, ಟರ್ಬುಲೆನ್ಸ್ ಮಾಡೆಲ್ (ಕದಡಿದ ಹರಿವನ್ನು ಅಂದಾಜಿಸುವ ಸಮೀಕರಣಗಳು) ಬೇಕು. ಅಷ್ಟು ಮಾಡಿದರೂ ಇನ್ನೊಂದು ತೊಡಕು ಉಳಿಯುತ್ತದೆ: ಸಿಲಿಂಡರ್‌ನ ವೇಕ್ ರೆನಾಲ್ಡ್ಸ್ 190ರ ಸುಮಾರಿಗೇ ಮೂರು ಆಯಾಮದ್ದಾಗಿಬಿಡುತ್ತದೆ. ಅದರಾಚೆ ಎರಡು ಆಯಾಮದ ಲೆಕ್ಕ ಸುಳಿಗಳನ್ನು ನಿಜಕ್ಕಿಂತ ಬಲವಾಗಿ ತೋರಿಸಿ ಡ್ರ್ಯಾಗ್ ಮತ್ತು ಲಿಫ್ಟನ್ನು ಹೆಚ್ಚಿಸುತ್ತದೆ. ಮೆಶ್ ಎಷ್ಟೇ ಸಣ್ಣ ಮಾಡಿದರೂ ಆ ತಪ್ಪು ಹೋಗುವುದಿಲ್ಲ. ಹಾಗಾಗಿ ಪ್ರಾಜೆಕ್ಟ್‌ಗೆ ಎರಡು ಆಯಾಮವೇ ಸಾಕು ಎಂದು ಹೊರಟವರು ರೆನಾಲ್ಡ್ಸ್ ಸಂಖ್ಯೆಯನ್ನು 60ರಿಂದ 180ರೊಳಗೆ ಇಟ್ಟುಕೊಂಡು ಕಂಬಗಳ ಅಂತರವನ್ನೋ, ಬ್ಲಾಕೇಜನ್ನೋ, ಆಕಾರವನ್ನೋ ಬದಲಿಸುತ್ತ ಅಧ್ಯಯನ ಮಾಡಲಿ. ನಿಜವಾದ ಮೆಟ್ರೋ ಕಂಬವೇ ಬೇಕೆನ್ನುವವರು ವಿಷಯ ನೋಂದಾಯಿಸುವ ಮೊದಲೇ ಕಾಲೇಜಿನ ಸರ್ವರ್‌ನಲ್ಲಿ ಮೂರು ಆಯಾಮದ ಲೆಕ್ಕಕ್ಕೆ ಜಾಗ ಕೇಳಿಟ್ಟುಕೊಳ್ಳಬೇಕು.